ಇಳಿಯುವ ಹೊತ್ತಿಗೆ ಬಂದ ನಿದ್ದೆ

ಹೊರಡುವ ಹಿಂದಿನ ರಾತ್ರಿ

ಊಟದ ಮೇಜಿನ ಮೇಲೆ ನಾಲ್ಕು ಪಾಸ್‌ಪೋರ್ಟ್ ಸಾಲಾಗಿ ಇಟ್ಟಿದ್ದೆ. ಮೂರು ಮಾಸಿದವು, ಒಂದು ಹೊಸದು. ಹೊಸದರಲ್ಲಿ ನಮ್ಮ ಪಾಪು ಯಾರೋ ಬೈದ ಹಾಗೆ ಮುಖ ಮಾಡಿಕೊಂಡಿದ್ದಾಳೆ. ಆ ಫೋಟೋ ತೆಗೆದಾಗ ಅವಳಿಗೆ ಎರಡು ತಿಂಗಳು. ಬಿಳಿ ಬೆಡ್‌ಶೀಟ್ ಮೇಲೆ ಮಲಗಿಸಿ, ಇವರು ಕುರ್ಚಿ ಹತ್ತಿ ನಿಂತು ಮೇಲಿಂದ ಕ್ಲಿಕ್ ಮಾಡಿದ್ದು. ಕಣ್ಣು ಬಿಟ್ಟಿರಬೇಕು, ಬಾಯಿ ಮುಚ್ಚಿರಬೇಕು. ಎರಡು ತಿಂಗಳ ಮಗು ಇವೆರಡನ್ನೂ ಒಟ್ಟಿಗೆ ಮಾಡುವುದು ದಿನಕ್ಕೆ ಒಂದೆರಡು ಸಲ, ಅದೂ ಎರಡೇ ಸೆಕೆಂಡು. ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿಸಿದ್ದೆವು. ಆ ಹೆಬ್ಬೆರಳು ಎಷ್ಟು ಚಿಕ್ಕದು ಅಂದರೆ, ಪೆನ್ನಿನಿಂದ ಶಾಯಿ ತೊಟ್ಟಿಕ್ಕಿದ ಹಾಗಿತ್ತು.

ನಾವಿರುವುದು ಫ್ರಾಂಕ್‌ಫರ್ಟ್ ಹತ್ತಿರ. ಜರ್ಮನಿಯಲ್ಲಿ ಹುಟ್ಟಿದರೂ ಅವಳು ಭಾರತದ ಪ್ರಜೆ. ಮೊದಲು ಇಲ್ಲಿನ ಭಾರತೀಯ ಕಾನ್ಸುಲೇಟಿನಿಂದ ಪಾಸ್‌ಪೋರ್ಟ್ ಆಗಬೇಕು. ಆಮೇಲೆ ಆ ಪಾಸ್‌ಪೋರ್ಟ್ ಹಿಡಿದುಕೊಂಡು ಇಲ್ಲಿನ ಕಚೇರಿಯಲ್ಲಿ ಅವಳ ಹೆಸರಿಗೆ ವಾಸದ ಪರವಾನಗಿ ಮಾಡಿಸಬೇಕು. ಇದೆಲ್ಲ ಮುಗಿಯುವಷ್ಟರಲ್ಲಿ ಡಿಸೆಂಬರ್ ಬಂತು.

ಡಿಸೆಂಬರ್ ದಾಟುವ ಹಾಗೂ ಇರಲಿಲ್ಲ. ಗಂಡುಮಗುವಿಗೆ ಸಮ ತಿಂಗಳಲ್ಲಿ, ಹೆಣ್ಣುಮಗುವಿಗೆ ಬೆಸ ತಿಂಗಳಲ್ಲಿ ಅನ್ನಪ್ರಾಶನ ಅನ್ನುವುದು ನಮ್ಮ ಕಡೆ ಲೆಕ್ಕ. ಐದು ಹೋಯಿತು, ಏಳು ಹೋಯಿತು. "ಒಂಬತ್ತಾದರೂ ತಪ್ಪಿಸಬೇಡ್ರೇ" ಅಂತ ಅಮ್ಮ ಫೋನಿನಲ್ಲಿ ಹೇಳಿದ್ದಳು. ಮಗಳು ಅಷ್ಟರಲ್ಲಾಗಲೇ ಆಲೂಗಡ್ಡೆ, ಕ್ಯಾರೆಟ್, ಕುಂಬಳಕಾಯಿ ಎಲ್ಲ ತಿಂದು ಬ್ರೆಡ್ಡಿಗೆ ಬಂದಿದ್ದಳು. ಅದನ್ನು ಅಮ್ಮನಿಗೆ ಹೇಳಿರಲಿಲ್ಲ.

ಎರಡು ವರ್ಷ ತುಂಬದ ಮಗುವಿಗೆ ವಿಮಾನದಲ್ಲಿ ಸೀಟಿಲ್ಲ. ನಮ್ಮ ತೊಡೆಯೇ ಸೀಟು. ಟಿಕೆಟ್ ದರವೂ ದೊಡ್ಡವರ ದರದ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಮಗನಿಗೆ ಮೂರೂವರೆ ವರ್ಷ. ಅವನಿಗೆ ಬೇರೆ ಸೀಟು, ಹೆಚ್ಚುಕಮ್ಮಿ ನಮ್ಮಷ್ಟೇ ದುಡ್ಡು. ರಾತ್ರಿ ಹೊರಟು ಗಲ್ಫಿನಲ್ಲಿ ವಿಮಾನ ಬದಲಿಸುವ ಟಿಕೆಟ್ಟೂ ಸಿಗುತ್ತಿತ್ತು. ನಾವು ಮಧ್ಯಾಹ್ನ ಹೊರಟು ನೇರ ಬೆಂಗಳೂರಿಗೆ ಹೋಗುವ ವಿಮಾನ ಆರಿಸಿದೆವು. ಹಗಲು ಹೊತ್ತಾದರೆ ಮಕ್ಕಳು ಆಡಿಕೊಂಡಿರುತ್ತವೆ, ಅಲ್ವಾ? ಹಾಗಂತ ನಾನೇ ಹೇಳಿದ್ದು. ಇವರು ಈಗಲೂ ಅದನ್ನು ಮರೆತಿಲ್ಲ.

ಕೈಚೀಲದ ಲೆಕ್ಕ ಮಾತ್ರ ಪಕ್ಕಾ ಇತ್ತು. ಎರಡು ಗಂಟೆಗೊಂದು ಡೈಪರ್, ಮೇಲೆ ಆರು. ಪಾಪುಗೆ ಮೂರು ಜೊತೆ ಬಟ್ಟೆ, ಮಗನಿಗೆ ಎರಡು, ಇವರಿಗೊಂದು ಟೀ ಶರ್ಟ್. ಸ್ಟಿಕರ್ ಪುಸ್ತಕ, ಹೊಸ ಕಾರುಗಳು, ಟ್ಯಾಬಿನಲ್ಲಿ ಇಳಿಸಿಟ್ಟುಕೊಂಡ ಕಾರ್ಟೂನು. ನನಗೊಂದು ಜೊತೆ ಬಟ್ಟೆ ಹಾಕಿಕೊಳ್ಳಬೇಕು ಅಂತ ಹೊಳೆಯಲೇ ಇಲ್ಲ.

ಒಂದನೇ ದಿನ

ವಿಮಾನ ಒಂದು ಗಂಟೆಗೆ. ಹತ್ತಕ್ಕೆಲ್ಲ ಏರ್‌ಪೋರ್ಟಿನಲ್ಲಿದ್ದೆವು. ಸೂಟ್‌ಕೇಸುಗಳನ್ನು ಒಪ್ಪಿಸಿದೆವು. ಸ್ಟ್ರೋಲರನ್ನು ವಿಮಾನದ ಬಾಗಿಲ ತನಕ ತಳ್ಳಿಕೊಂಡು ಹೋಗಬಹುದು, ಅಲ್ಲಿ ಒಂದು ಚೀಟಿ ಕಟ್ಟಿ ತೆಗೆದುಕೊಳ್ಳುತ್ತಾರೆ ಅಂದರು.

ಸೆಕ್ಯುರಿಟಿಯಲ್ಲಿ ನನಗಿದ್ದ ಭಯವೆಲ್ಲ ಹಾಲಿನದು. 2006ರಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳಲ್ಲಿ ದ್ರವದ ಬಾಂಬು ಇಡುವ ಸಂಚು ಬಯಲಾದ ಮೇಲೆ 100 ಮಿಲಿಗಿಂತ ದೊಡ್ಡ ಬಾಟಲಿಯಲ್ಲಿ ಯಾವ ದ್ರವವನ್ನೂ ಒಳಗೆ ಒಯ್ಯದಂತೆ ನಿಯಮ ಬಂತು. ಮಗುವಿನ ಹಾಲು, ಊಟಕ್ಕೆ ಮಾತ್ರ ವಿನಾಯಿತಿ. ದಾರಿಗೆ ಎಷ್ಟು ಬೇಕೋ ಅಷ್ಟು ಒಯ್ಯಬಹುದು. ಆದರೆ ಬ್ಯಾಗಿನಿಂದ ಹೊರಗೆ ತೆಗೆದು ತೋರಿಸಬೇಕು. ಪುಡಿ ಹಾಲು ಕಲಸಲು ಬಿಸಿನೀರಿನ ಫ್ಲಾಸ್ಕು, ಎರಡು ಬಾಟಲಿ, ಕುಂಬಳಕಾಯಿ ಹಿಸುಕಿದ ಡಬ್ಬಿ, ಎಲ್ಲ ಟ್ರೇಯಲ್ಲಿ ಜೋಡಿಸಿಟ್ಟೆ. ಅಲ್ಲಿದ್ದಾಕೆ ಒಂದೊಂದೇ ಎತ್ತಿ ನೋಡಿ, ಫ್ಲಾಸ್ಕಿನ ಮುಚ್ಚಳ ಬಿಚ್ಚಿಸಿ, ಎರಡೇ ನಿಮಿಷಕ್ಕೆ ಕಳಿಸಿದಳು.

ಗಲಾಟೆ ಆಗಿದ್ದು ಆನೆಯದು. ಮಗನ ಬಟ್ಟೆ ಆನೆ. ಒಂದು ಕಿವಿ ಕಿತ್ತು ಹೊಲಿದದ್ದು. ಅದನ್ನೂ ಟ್ರೇಯಲ್ಲಿಡಬೇಕು ಅಂದರು. ಆನೆ ರಬ್ಬರ್ ಪರದೆ ದಾಟಿ ಸುರಂಗದೊಳಗೆ ಹೋದ ಕೂಡಲೇ ಅವನು ನೆಲದ ಮೇಲೆ ಅಂಗಾತ ಬಿದ್ದ. ಪಾಪುವನ್ನು ಕ್ಯಾರಿಯರಿನಿಂದ ಬಿಚ್ಚಿ ಎತ್ತಿಕೊಂಡಿದ್ದೆ. ಇವರು ಬೆಲ್ಟು ಬಿಚ್ಚಿ ಪ್ಯಾಂಟು ಹಿಡಿದುಕೊಂಡಿದ್ದರು. ಅವನನ್ನು ಎತ್ತುವುದಕ್ಕೆ ನಮ್ಮಿಬ್ಬರ ಹತ್ತಿರ ಒಂದು ಕೈಯೂ ಉಳಿದಿರಲಿಲ್ಲ. ಆಚೆಯಿಂದ ಒಬ್ಬ ದಪ್ಪ ಮೀಸೆಯ ಸಿಬ್ಬಂದಿ ಆನೆಯನ್ನು ಸೊಂಡಿಲು ಹಿಡಿದು ಎತ್ತಿ ಆಡಿಸಿದ. ಇವನು ಎದ್ದು ಓಡಿದ.

ಗೇಟಿನಲ್ಲಿ "ಚಿಕ್ಕ ಮಕ್ಕಳಿರುವವರು ಮೊದಲು ಬನ್ನಿ" ಅಂತ ಕರೆದರು. ಮರ್ಯಾದೆ ಮಾಡುತ್ತಿದ್ದಾರೆ ಅಂತ ಖುಷಿಯಿಂದ ಹೋದೆವು. ಅದು ತಪ್ಪು. ಎಂಟೂವರೆ ಗಂಟೆ ಕೂರಬೇಕಾದ ಮಗುವನ್ನು ಇನ್ನೂ ಮುಕ್ಕಾಲು ಗಂಟೆ ಮುಂಚೆ ಕೂರಿಸಿದ ಹಾಗಾಯಿತು. ಒಬ್ಬರು ಬ್ಯಾಗು ಹೊತ್ತು ಮೊದಲು ಹೋಗಿ, ಇನ್ನೊಬ್ಬರು ಮಕ್ಕಳನ್ನು ಓಡಾಡಿಸಿಕೊಂಡು ಕೊನೆಗೆ ಹತ್ತುವುದೇ ಸರಿ.

ಎದುರಿಗೆ ಗೋಡೆ ಇರುವ ಮುಂದಿನ ಸಾಲು ನಮ್ಮದು. ತೊಟ್ಟಿಲು ಸಿಕ್ಕಿಸುವುದು ಆ ಗೋಡೆಗೇ. ಬ್ಯಾಸಿನೆಟ್ ಅನ್ನುತ್ತಾರೆ. ಟಿಕೆಟ್ ಕೊಂಡ ದಿನವೇ ಫೋನ್ ಮಾಡಿ ಹೇಳಿಟ್ಟರೆ ಸಿಗುತ್ತದೆ, ಇರುವುದೇ ನಾಲ್ಕಾರು. ತೂಕದ ಮಿತಿ ಒಂದೊಂದು ಕಂಪನಿಗೆ ಒಂದೊಂದು. ನಮ್ಮದು 11 ಕಿಲೋ, ಪಾಪು ಎಂಟು ಕಿಲೋ. ಲಾಟರಿ ಹೊಡೆದವರ ಹಾಗೆ ಕೂತಿದ್ದೆವು.

ಆ ಸಾಲಿನ ಗುಟ್ಟು ಕೂತ ಮೇಲೆ ಗೊತ್ತಾಯಿತು. ಮುಂದೆ ಸೀಟಿಲ್ಲ, ಹಾಗಾಗಿ ಊಟದ ತಟ್ಟೆಯ ಹಲಗೆ, ಟಿವಿ ಎರಡೂ ಕೈ ಇಡುವ ಹಿಡಿಯೊಳಗೆ ಮಡಚಿಕೊಂಡಿರುತ್ತವೆ. ಆದ್ದರಿಂದ ಆ ಹಿಡಿಯನ್ನು ಮೇಲೆತ್ತಲಾಗದು. ಮಗನನ್ನು ಅಡ್ಡಡ್ಡ ಮಲಗಿಸುವ ಆಸೆ ಅಲ್ಲಿಗೆ ಮುಗಿಯಿತು. ಏರುವಾಗ, ಇಳಿಯುವಾಗ ಕಾಲ ಬಳಿ ಬ್ಯಾಗು ಇಡುವ ಹಾಗೂ ಇಲ್ಲ, ಎಲ್ಲ ಮೇಲಕ್ಕೆ. ಬೇಕಾದಾಗ ಸಿಗಬೇಕು ಅಂತ ಇಟ್ಟ ಹಾಲಿನ ಬಾಟಲಿ, ಒರೆಸುವ ಬಟ್ಟೆ, ಎಲ್ಲ ನನ್ನ ತಲೆಯ ಮೇಲೆ ಬೀಗ ಹಾಕಿಕೊಂಡು ಕೂತವು.

ಪಾಪುಗೆ ಪುಟ್ಟ ಬೆಲ್ಟು ಕೊಟ್ಟರು. ನನ್ನ ಬೆಲ್ಟಿಗೆ ಪೋಣಿಸಿ ಅವಳ ಸೊಂಟಕ್ಕೆ ಹಾಕುವುದು. ಏರುವಾಗ ಹಾಲು ಕುಡಿಸಿದೆ, ಅಳಲಿಲ್ಲ. ಸೀಟ್ ಬೆಲ್ಟ್ ದೀಪ ಆರಿದ ಮೇಲೆ ತೊಟ್ಟಿಲು ತಂದು ಸಿಕ್ಕಿಸಿದರು. ಅವಳನ್ನು ಮಲಗಿಸಿದೆ. ಎದ್ದು ಕೂತಳು. ಮತ್ತೆ ಮಲಗಿಸಿದೆ. ಈ ಸಲ ಅಂಚು ಹಿಡಿದು ನಿಂತೇಬಿಟ್ಟಳು. ಒಂಬತ್ತನೇ ತಿಂಗಳ ಮಗುವಿಗೆ ಅದು ತೊಟ್ಟಿಲಲ್ಲ, ಭಾಷಣ ಮಾಡುವ ವೇದಿಕೆ. ಹಿಂದಿನ ಆರು ಸಾಲಿನವರ ಮುಖಗಳು ಕಾಣುತ್ತವೆ ಬೇರೆ. ಹೇಗೋ ಒಂದು ಸಲ ಕಣ್ಣು ಮುಚ್ಚಿದಳು. ಸರಿಯಾಗಿ ಹತ್ತು ನಿಮಿಷಕ್ಕೆ ವಿಮಾನ ಕುಲುಕಿತು, ಸೀಟ್ ಬೆಲ್ಟ್ ದೀಪ ಹೊತ್ತಿತು. ಹೊತ್ತಿದ ಕೂಡಲೇ ಮಗುವನ್ನು ತೊಟ್ಟಿಲಿನಿಂದ ತೆಗೆದು ತೊಡೆಗೆ ಹಾಕಿಕೊಳ್ಳಬೇಕು, ಅದು ನಿಯಮ. ಗಗನಸಖಿ ಪಾಪ ಬೇಜಾರು ಮಾಡಿಕೊಂಡೇ ಹೇಳಿದಳು. ಮುಂದಿನ ಮೂರು ಗಂಟೆಯಲ್ಲಿ ಹೀಗೆ ಐದು ಸಲ.

ಮಗ ಒಂದು ಗಂಟೆಯಲ್ಲಿ ಹೊಸ ಕಾರು, ಸ್ಟಿಕರು, ಕಾರ್ಟೂನು ಎಲ್ಲ ಮುಗಿಸಿದ. ಆಮೇಲೆ ಅವನಿಗೆ ಹಿಡಿಸಿದ್ದು ಎದುರಿನ ಚೀಲದಲ್ಲಿದ್ದ ಸುರಕ್ಷತೆಯ ಕಾರ್ಡು. ಜನ ಜಾರುಬಂಡೆ ಮೇಲೆ ಜಾರಿಕೊಂಡು ವಿಮಾನದಿಂದ ಇಳಿಯುವ ಚಿತ್ರ ಇದೆಯಲ್ಲ, ಅದನ್ನು ನೋಡಿ "ನಾವೂ ಹೀಗೇ ಇಳಿಯೋದಾ?" ಅಂತ ಕೇಳಿದ. ಅಲ್ಲ ಅಂದೆ. ಬಹಳ ಬೇಜಾರಾಯಿತು.

ಡೈಪರ್ ಬಿಡಿಸಿ ಆರು ತಿಂಗಳಾಗಿದ್ದ ಮಗು ವಿಮಾನದ ಶೌಚಾಲಯಕ್ಕೆ ಬರಲು ಒಪ್ಪಲಿಲ್ಲ. ಫ್ಲಶ್ ಒತ್ತಿದರೆ ಗಾಳಿ ಎಳೆದುಕೊಳ್ಳುವ ಆ ಸದ್ದು ದೊಡ್ಡವರಿಗೇ ಎದೆ ಝಲ್ಲೆನ್ನಿಸುತ್ತದೆ. ತನ್ನನ್ನೂ ಎಳೆದುಕೊಂಡುಬಿಡುತ್ತದೆ ಅಂತ ಅವನ ಲೆಕ್ಕ. ಕೊನೆಗೆ ಒಂದು ಒಪ್ಪಂದವಾಯಿತು. ಅವನು ಮುಗಿಸಿ ಹೊರಗೆ ಬಂದು, ಬಾಗಿಲು ಹಾಕಿ, ಎರಡೂ ಕಿವಿ ಮುಚ್ಚಿಕೊಂಡು "ಹ್ಞಾಂ" ಅಂದ ಮೇಲೆಯೇ ನಾನು ಒಳಗೆ ಫ್ಲಶ್ ಒತ್ತಬೇಕು.

ಐದನೇ ಗಂಟೆಯಲ್ಲಿ ಪಾಪು ನನ್ನ ಮೇಲೆ ವಾಂತಿ ಮಾಡಿದಳು. ಕುಂಬಳಕಾಯಿ. ನಾನು ಇವರ ಟೀ ಶರ್ಟ್ ಹಾಕಿಕೊಂಡು ಬಂದು ಕೂತೆ. ಅಲ್ಲಿಂದ ಮುಂದೆ ಅವಳು ಅಳು ನಿಲ್ಲಿಸಲಿಲ್ಲ. ಎದೆಹಾಲು ಬೇಡ, ಬಾಟಲಿ ಬೇಡ. ನಿದ್ದೆ ಬಂದು ಮಲಗಲಾಗದ ಅಳು ಅದು. ತಾಯಂದಿರಿಗೆ ಆ ರಾಗ ಗೊತ್ತು.

ನಡುಸಾಲಿನಿಂದ ಒಬ್ಬ ಅಜ್ಜಿ ಎದ್ದು ಬಂದರು. ಹಸಿರು ಸೀರೆ, ಮೇಲೊಂದು ಸ್ವೆಟರು, ಕಾಲಿಗೆ ಬೂಟು. ಡಿಸೆಂಬರಿನಲ್ಲಿ ಈ ವಿಮಾನ ಹತ್ತಿದವರಿಗೆ ಇಂಥ ಅಜ್ಜಿಯರು ಗೊತ್ತಿರುತ್ತಾರೆ. ಮಗಳದೋ ಸೊಸೆಯದೋ ಬಾಣಂತನ ಮುಗಿಸಿ, ವೀಸಾ ಮುಗಿಯುವ ಮುಂಚೆ ಊರಿಗೆ ಹೊರಟವರು. "ಕೊಡಮ್ಮಾ ಸ್ವಲ್ಪ ಹೊತ್ತು" ಅಂದರು. ಕೊಟ್ಟೆ. ಅವರು ಏನೂ ಹಾಡಲಿಲ್ಲ, ಆಟ ಆಡಿಸಲಿಲ್ಲ. ಎಡಗೈಯಲ್ಲಿ ಎತ್ತಿಕೊಂಡು ಬಲಗೈ ಗಾಜಿನ ಬಳೆಗಳನ್ನು ಅವಳ ಮುಖದ ಹತ್ತಿರ ತಂದು ಮೆಲ್ಲಗೆ ಜಾರಿಸಿದರು. ಮೊಣಕೈ ಕಡೆಗೆ ಒಂದು ಸಲ, ಮುಂಗೈ ಕಡೆಗೆ ಒಂದು ಸಲ. ಚಿಲ್. ಚಿಲ್. ಪಾಪು ಬಿಕ್ಕುತ್ತಲೇ ಒಂದು ಬಳೆಯನ್ನು ಬೆರಳಲ್ಲಿ ಹಿಡಿದಳು. ಅದನ್ನು ಬಿಟ್ಟು ಪಕ್ಕದ್ದನ್ನು ಹಿಡಿದಳು. ಹನ್ನೆರಡು ಬಳೆ ಇದ್ದವು. ಮೂರು ಸಲ ಎಣಿಸಿದ ಹಾಗೆ ಎಲ್ಲವನ್ನೂ ಮುಟ್ಟಿದಳು.

"ನಮ್ಮವನಿಗೆ ಇವತ್ತಿಗೆ ಐದು ತಿಂಗಳು" ಅಂದರು ಅಜ್ಜಿ. "ಬೆಳಗ್ಗೆ ಮಲಗಿದ್ದ. ಎಬ್ಬಿಸಬೇಡಿ ಅಂದೆ." ಅಷ್ಟು ಹೇಳಿ ಪಾಪುವಿನ ತಲೆ ಮೂಸಿದರು.

ಬೆಂಗಳೂರಿಗೆ ನಲವತ್ತು ನಿಮಿಷ ಇದೆ ಅಂತ ಕ್ಯಾಪ್ಟನ್ ಹೇಳಿದಾಗ ಜರ್ಮನಿಯಲ್ಲಿ ಸುಮಾರು ರಾತ್ರಿ ಒಂಬತ್ತು. ಆವಾಗ ಬಂತು ನೋಡಿ ನಿದ್ದೆ, ಇಬ್ಬರಿಗೂ ಒಟ್ಟಿಗೆ. ಮಗ ಬಾಯಿ ತೆರೆದುಕೊಂಡು ಸೀಟಿನಲ್ಲೇ ಬಿದ್ದ. ಪಾಪುಗೆ ನಾನು ಆ ಮಾತು ಕೇಳಿದ ಕೂಡಲೇ ಹಾಲು ಕೊಟ್ಟಿದ್ದೆ. ಅದು ಇನ್ನೊಂದು ತಪ್ಪು.

ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದಲ್ಲಿ ಕೂತಷ್ಟು ಇರುತ್ತದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ ಆರು ಸಾವಿರದ ಮುನ್ನೂರು ಅಡಿ ಚಿಲ್ಲರೆ. ಅದರ ತುದಿಯಿಂದ ಅರ್ಧ ಗಂಟೆಯಲ್ಲಿ ಬೆಂಗಳೂರಿನ ಮಟ್ಟಕ್ಕೆ ಇಳಿದ ಹಾಗೆ ಲೆಕ್ಕ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯುವಾಗ ಕಿವಿ ಗುಂಯ್ ಅನ್ನುತ್ತದಲ್ಲ, ಅದೇ. ನಾವು ಉಗುಳು ನುಂಗುತ್ತೇವೆ, ಆಕಳಿಸುತ್ತೇವೆ, ಕಿವಿಯಿಂದ ಗಂಟಲಿಗೆ ಇರುವ ಸಣ್ಣ ನಾಳ ತೆರೆದುಕೊಳ್ಳುತ್ತದೆ. ಮಕ್ಕಳಲ್ಲಿ ಆ ನಾಳ ಇನ್ನೂ ಕಿರಿದು. ಏರುವಾಗಿಗಿಂತ ಇಳಿಯುವಾಗ ತೊಂದರೆ ಜಾಸ್ತಿ. ಆಗ ಮಗು ಏನನ್ನಾದರೂ ಚೀಪುತ್ತ ನುಂಗುತ್ತ ಇರಬೇಕು. ನಮ್ಮ ಪಾಪು ನಿಜವಾದ ಇಳಿತ ಶುರುವಾಗುವಷ್ಟರಲ್ಲಿ ಹಾಲು ಮುಗಿಸಿ ಮಲಗಿದ್ದಳು. ಹತ್ತು ನಿಮಿಷಕ್ಕೆ ಕಿವಿ ಹಿಡಿದುಕೊಂಡು ಕಿರುಚಿ ಎದ್ದಳು. ಚಕ್ರ ನೆಲ ಮುಟ್ಟುವ ತನಕ ಕಿರುಚಿದಳು. ಮುಟ್ಟಿದ ಮೇಲೆ ಮತ್ತೆ ಮಲಗಿದಳು. ಆಗ ಬೆಂಗಳೂರಿನಲ್ಲಿ ರಾತ್ರಿ ಎರಡು ಗಂಟೆ.

ಎರಡನೇ ದಿನ

ಬಾಗಿಲಲ್ಲಿ ಸ್ಟ್ರೋಲರ್ ಇರಲಿಲ್ಲ. "ಬೆಲ್ಟಿಗೆ ಬರುತ್ತೆ ಮೇಡಂ" ಅಂದರು. ಮಗ ಇವರ ಹೆಗಲ ಮೇಲೆ, ಪಾಪು ನನ್ನ ಎದೆಗೆ, ಎರಡು ಬ್ಯಾಗು, ನಾಲ್ಕು ದಪ್ಪ ಜಾಕೆಟ್ಟು, ಒಂದು ಆನೆ. ಆ ಉದ್ದದ ದಾರಿಯಲ್ಲಿ ನಡೆಯುವಾಗ ನಾನು ಟರ್ಮಿನಲ್ ನೋಡಿದ್ದು ಅಷ್ಟಕ್ಕಷ್ಟೇ. 2023ರ ಸೆಪ್ಟೆಂಬರಿನಿಂದ ಹೊರದೇಶದ ವಿಮಾನಗಳೆಲ್ಲ ಈ ಎರಡನೇ ಟರ್ಮಿನಲ್ಲಿಗೇ ಬರುವುದು. ಬಿದಿರಿನ ಚಾವಣಿ, ತೂಗುಬಿಟ್ಟ ಗಿಡಗಳು. ಮಗ ಒಂದು ಕ್ಷಣ ಕಣ್ಣು ಬಿಟ್ಟು ಮೇಲೆ ನೋಡಿ, "ಅಜ್ಜನ ಮನೆ ಬಂತಾ?" ಅಂದು ಮತ್ತೆ ಮಲಗಿದ.

ಇಮಿಗ್ರೇಶನ್ ಸಾಲಿನಲ್ಲಿ ಮಕ್ಕಳನ್ನು ನೋಡಿ ಪಕ್ಕದ ಕೌಂಟರಿಗೆ ಕಳಿಸಿದರು. ಅಧಿಕಾರಿ ಪಾಪುವಿನ ಪಾಸ್‌ಪೋರ್ಟ್ ನೋಡಿ, ಅವಳನ್ನು ನೋಡಿ, ಮತ್ತೆ ಫೋಟೋ ನೋಡಿ ನಕ್ಕರು.

ಹೊರಗೆ ನಾದಿನಿಯ ಗಂಡ ಕಾಯುತ್ತಿದ್ದರು. ಅವರನ್ನು ಆ ಅಪರಾತ್ರಿ ಕರೆಸಿದ್ದು ಎರಡು ಸೂಟ್‌ಕೇಸ್ ಕೊಡುವುದಕ್ಕೆ. ಹೊರದೇಶದ ಟಿಕೆಟ್ಟಿನಲ್ಲಿ ತಲೆಗೆ 23 ಕಿಲೋ ತರಬಹುದಿತ್ತು. ಅಲ್ಲಿಂದ ನಮ್ಮೂರಿನ ಕಡೆಗೆ, ಶಿವಮೊಗ್ಗಕ್ಕೆ ಹೋಗುವ ವಿಮಾನದ ಟಿಕೆಟ್ ಬೇರೆ, ಅದರಲ್ಲಿ ತಲೆಗೆ 15 ಕಿಲೋ. ತೊಡೆ ಮೇಲಿನ ಪಾಪುಗೆ ಏನೂ ಇಲ್ಲ. ಒಳಗಿನ ವಿಮಾನಕ್ಕೆ ಬದಲಿಸುವವರು ಈ ಲೆಕ್ಕ ಮನೆಯಲ್ಲೇ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಕೌಂಟರಿನಲ್ಲಿ ಕಿಲೋ ಲೆಕ್ಕದಲ್ಲಿ ದುಡ್ಡು ಎಣಿಸಬೇಕು.

ಒಂದನೇ ಟರ್ಮಿನಲ್ಲಿಗೆ ಬಂದು, ಬೆಳಗಾಗುವ ತನಕ ಕುರ್ಚಿಗಳ ಮೇಲೆ ಕಳೆದೆವು. ಮಗ ಎರಡು ಕುರ್ಚಿಗಳ ನಡುವೆ, ಪಾಪು ಕೊನೆಗೂ ಸಿಕ್ಕ ಸ್ಟ್ರೋಲರಿನಲ್ಲಿ. ಆರು ಗಂಟೆಗೆ ಬಿಸಿ ಇಡ್ಲಿ, ಫಿಲ್ಟರ್ ಕಾಫಿ. ಆ ಕಾಫಿಯ ಬಗ್ಗೆ ಒಂದು ಪುಟ ಬರೆಯಬಲ್ಲೆ, ಬೇಡ.

ಶಿವಮೊಗ್ಗದ ಕಡೆ ಮಂಜು ಅಂತ ಹತ್ತು ಗಂಟೆಯ ವಿಮಾನ ಒಂದೂವರೆ ಗಂಟೆ ತಡವಾಯಿತು. ಕಾರಿನಲ್ಲಿ ಹೊರಟಿದ್ದರೆ ಅಷ್ಟರಲ್ಲಿ ಅರಸೀಕೆರೆ ದಾಟಿರುತ್ತಿದ್ದೆವು ಅಂದರು ಇವರು. ಆರೇಳು ಗಂಟೆ ಕಾರಿನಲ್ಲಿ, ಮಕ್ಕಳ ಸೀಟೂ ಇಲ್ಲದೆ? ನಾನು ಉತ್ತರ ಕೊಡಲಿಲ್ಲ.

ಇದು ಚಿಕ್ಕ ಎಟಿಆರ್ ವಿಮಾನ. ರೆಕ್ಕೆಗೆ ಪಂಖ ಇರುವಂಥದ್ದು, ಹಿಂದಿನ ಬಾಗಿಲಿನಿಂದ ಹತ್ತಬೇಕು. ಹಿಂದಿನ ದಿನ ಅಷ್ಟು ದೊಡ್ಡ ವಿಮಾನ ನೋಡಿ ಸುಮ್ಮನಿದ್ದ ಮಗ ಇದನ್ನು ನೋಡಿ ಕುಣಿದ. "ಅಮ್ಮಾ, ಫ್ಯಾನ್! ಫ್ಯಾನ್ ಹಾಕಿದಾರೆ!" ರೆಗ್ಯುಲೇಟರ್ ಎಲ್ಲಿದೆ ಅಂತ ಗಗನಸಖಿಯನ್ನು ಕೇಳಿದ. "ಪೈಲಟ್ ಅಂಕಲ್ ಹತ್ರ ಇದೆ" ಅಂದಳು ಆಕೆ.

ಈ ಸಲ ಹಾಲಿನ ಬಾಟಲಿ ನನ್ನ ಕೈಯಲ್ಲೇ ಇತ್ತು. ಎಂಜಿನ್ ಸದ್ದು ತಗ್ಗಿ, ನನ್ನ ಕಿವಿಯೇ ಒಂಚೂರು ಕಟ್ಟಿದ ಹಾಗೆ ಆದ ಮೇಲೆ ಕೊಟ್ಟೆ. ಅವಳು ಚೀಪುತ್ತಲೇ ಶಿವಮೊಗ್ಗದ ಏರ್‌ಪೋರ್ಟ್ ಇರುವ ಸೋಗಾನೆಯ ರನ್‌ವೇ ಮೇಲೆ ಇಳಿದಳು.

ಅಪ್ಪ ಕಾರು ತಂದಿದ್ದರು. ಸಕ್ರೆಬೈಲು ದಾಟುವಾಗ "ಪುಟ್ಟಾ, ನೋಡು ಆನೆ ಕ್ಯಾಂಪು" ಅಂದರು ಅಪ್ಪ. ಪುಟ್ಟ ತನ್ನ ಆನೆಯನ್ನು ಅಪ್ಪಿಕೊಂಡು ಗೊರಕೆ ಹೊಡೆಯುತ್ತಿದ್ದ.

ಮೂರರಿಂದ ಆರನೇ ದಿನ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಎಲ್ಲರೂ ಏಳುವುದು ಐದಕ್ಕೆ. ನನ್ನ ಮಕ್ಕಳು ಏಳುತ್ತಿದ್ದುದು ಹನ್ನೊಂದೂವರೆಗೆ. ಜರ್ಮನಿಯಲ್ಲಿ ಆಗ ಬೆಳಗ್ಗೆ ಏಳು. ಚಳಿಗಾಲದಲ್ಲಿ ನಡುವಿನ ಅಂತರ ನಾಲ್ಕೂವರೆ ಗಂಟೆ. ರಾತ್ರಿ ಹನ್ನೆರಡೂವರೆ ಆಗದೆ ಇಬ್ಬರಿಗೂ ನಿದ್ದೆ ಇಲ್ಲ. ದಿನಕ್ಕೆ ಒಂದು ಗಂಟೆಯಂತೆ ಮೈಯ ಗಡಿಯಾರ ಸರಿಯಾಗುತ್ತದೆ ಅನ್ನುತ್ತಾರೆ. "ಸಂಜೆ ಏಳಕ್ಕೆ ದೀಪ ಆರಿಸಿ ಮಲಗ್ಸಿ, ತಾನಾಗೇ ಮಲಗ್ತಾವೆ" ಅಂದಳು ಅಮ್ಮ. ಆರಿಸಿದೆವು. ಕತ್ತಲಲ್ಲಿ ಇಬ್ಬರೂ ಹಾಸಿಗೆ ಮೇಲೆ ಕುಣಿದರು.

ನಮ್ಮ ಪುಣ್ಯಕ್ಕೆ ಅದು ಅಡಿಕೆ ಕೊಯ್ಲಿನ ಕಾಲ. ಕೊಯ್ದ ಹಸಿ ಅಡಿಕೆ ಹೆಚ್ಚು ದಿನ ಇಡುವ ಹಾಗಿಲ್ಲ, ಸುಲಿದು ಬೇಯಿಸಬೇಕು. ರಾತ್ರಿ ಊಟವಾದ ಮೇಲೂ ಅಂಗಳದ ಚಪ್ಪರದ ಕೆಳಗೆ ಬಲ್ಬು ಹಾಕಿಕೊಂಡು ಏಳೆಂಟು ಜನ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಿದ್ದರು. ಊರಿಗೆಲ್ಲ ನಿದ್ದೆ, ಅಡಿಕೆ ಸುಲಿಯುವವರಿಗೆ ಮತ್ತು ನನ್ನ ಮಗನಿಗೆ ಎಚ್ಚರ. ಎರಡನೇ ರಾತ್ರಿಯಿಂದ ಅಪ್ಪ ಅವನಿಗೆ ಕಂಬಳಿ ಹೊದಿಸಿ ಅಲ್ಲಿಗೇ ಕರೆದೊಯ್ದರು. ಕತ್ತಿಯಿಂದ ದೂರ, ತಮ್ಮ ಮಡಿಲಲ್ಲಿ ಕೂರಿಸಿಕೊಂಡು, ಸುಲಿದ ಅಡಿಕೆಯನ್ನು ಬುಟ್ಟಿಗೆ ಹಾಕುವ ಕೆಲಸ ಕೊಟ್ಟರು. ಚಕ್ ಅಂತ ಸಿಪ್ಪೆ ಸೀಳುವ ಸದ್ದು, ಟಪ್ ಅಂತ ಬುಟ್ಟಿಗೆ ಬೀಳುವ ಸದ್ದು. ಎರಡೂ ಸದ್ದಿನ ನಡುವೆ ಕೆಲಸದ ಹೆಂಗಸರು ಅವನಿಗೆ ಜರ್ಮನಿಯಲ್ಲಿ ಅಡಿಕೆ ಬೆಳೆಯುತ್ತಾರಾ ಅಂತ ಕೇಳುತ್ತಿದ್ದರು. "ಇಲ್ಲ, ಅಲ್ಲಿ ಸ್ನೋ ಬೆಳೀತಾರೆ" ಅಂದನಂತೆ.

ಐದನೇ ರಾತ್ರಿ ಹತ್ತೂವರೆಗೇ ಮಡಿಲಲ್ಲಿ ಮಲಗಿದ್ದ. ಮುಷ್ಟಿಯಲ್ಲಿ ಒಂದು ಅಡಿಕೆ.

ಏಳನೇ ದಿನ

ಅನ್ನಪ್ರಾಶನ. ಹೊಸ ಬೆಳ್ಳಿ ಬಟ್ಟಲು, ಪಾಯಸ, ಸೋದರಮಾವನ ಮಡಿಲು. ಪಾಪು ಮೊದಲ ಸಲ ಅನ್ನ ತಿನ್ನುವವಳ ಹಾಗೆ ಬಹಳ ಚೆನ್ನಾಗಿ ನಟಿಸಿದಳು.

ಹದಿನೈದನೇ ದಿನ

ವಾಪಸ್ ಹೋಗುವಾಗ ಕಾರು. ಇವರ ಮನೆ ತಿಪಟೂರು ಕಡೆ, ದಾರಿಯಲ್ಲೇ ಸಿಗುತ್ತದೆ. ಅಲ್ಲಿ ನಾಲ್ಕು ದಿನ ಇದ್ದೆವು.

ಅತ್ತೆ ಪಾಪುಗೆ ರಾಗಿ ಸರಿ ಹಿಟ್ಟು ಮಾಡಿಟ್ಟಿದ್ದರು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದದ್ದು. ಅದು ಹೋಗುತ್ತದೆ. ತುಪ್ಪ ಹೋಗುವುದಿಲ್ಲ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ ಅನ್ನುವುದು ಯುರೋಪಿನ ನಿಯಮ. ಮನೆಯ ಹಸುವಿನ ತುಪ್ಪವನ್ನು ಬೇಡ ಅನ್ನುವುದು ಹೇಗೆ ಅಂತ ನಾನೂ ಇವರೂ ಒಬ್ಬರನ್ನೊಬ್ಬರು ನೋಡಿದೆವು. ಹೇಳಿದ್ದು ಇವರು. ಅತ್ತೆ ಏನೂ ಮಾತಾಡದೆ ಡಬ್ಬಿ ಒಳಗೆ ಇಟ್ಟರು. ಆಮೇಲೆ ನಾವು ನೋಡದಾಗ ಸೂಟ್‌ಕೇಸಿನ ಮೂಲೆಯಲ್ಲಿ ಎಂಟು ಕೊಬ್ಬರಿ ಗಿಟಕು ಸೇರಿಸಿದ್ದರು. ತಿಪಟೂರಿನ ಮನೆಯಿಂದ ಕೊಬ್ಬರಿ ಇಲ್ಲದೆ ಕಳಿಸುವುದುಂಟೇ?

ಏರ್‌ಪೋರ್ಟಿನಲ್ಲಿ ಬ್ಯಾಗೇಜಿನವರು ಕರೆದು ಸೂಟ್‌ಕೇಸ್ ಬಿಚ್ಚಿಸಿದಾಗ ರಾತ್ರಿ ಹನ್ನೆರಡು. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿ ಅದಿದೆ. ಕೈಚೀಲದಲ್ಲೂ ಇಲ್ಲ, ಸೂಟ್‌ಕೇಸಿನಲ್ಲೂ ಇಲ್ಲ. "ಯಾವೂರು ಸಾರ್, ತಿಪಟೂರಾ?" ಅಂತ ಸಿಬ್ಬಂದಿ ಕೇಳಿದ. ಅವನಿಗೆ ನಾವು ಮೊದಲನೆಯವರಲ್ಲ. ಎಂಟನ್ನೂ ತೆಗೆದು ಪಕ್ಕದ ಡಬ್ಬಕ್ಕೆ ಹಾಕಿದರು. ಅಲ್ಲಿ ಆಗಲೇ ಒಂದು ರಾಶಿ ಇತ್ತು. ಅತ್ತೆಗೆ ಈ ತನಕ ಹೇಳಿಲ್ಲ. "ಕೊಬ್ಬರಿ ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗಿತ್ತಮ್ಮ" ಅನ್ನುತ್ತಾರೆ ಇವರು.

ಮೂರೂವರೆಯ ವಿಮಾನ. ಬೆಂಗಳೂರಿನಿಂದ ಯುರೋಪಿಗೆ ಹೊರಡುವ ವಿಮಾನಗಳ ಅಪವೇಳೆಯನ್ನು ಬೈಯದವರಿಲ್ಲ. ನಾನೂ ಬೈಯುತ್ತಿದ್ದೆ. ಈ ಸಲ ಬೈಯಲಿಲ್ಲ. ಮಗನನ್ನು ಬಿದಿರಿನ ಚಾವಣಿಯ ಕೆಳಗೆ ಎರಡು ಗಂಟೆಯ ತನಕ ಓಡಾಡಲು ಬಿಟ್ಟೆ. ಪಾಪು ಕಾರಿನಲ್ಲೇ ಮಲಗಿ ಅಲ್ಲಿ ಎದ್ದು, ಮೂರಕ್ಕೆ ಮತ್ತೆ ತೂಕಡಿಸುತ್ತಿದ್ದಳು. ಮೊದಲು ಹತ್ತುವವರನ್ನು ಕರೆದಾಗ ಇವರೊಬ್ಬರೇ ಬ್ಯಾಗು ತೆಗೆದುಕೊಂಡು ಹೋದರು.

ತೊಟ್ಟಿಲಿನ ಸಾಲು ಬೇಡ ಅಂತ ಒಂದು ವಾರ ಮುಂಚೆಯೇ ಫೋನ್ ಮಾಡಿ ಸೀಟು ಬದಲಿಸಿದ್ದೆವು. ಆರು ತಿಂಗಳ ಒಳಗಿನ ಮಗುವಾದರೆ ತೊಟ್ಟಿಲು ಸರಿ. ಎದ್ದು ನಿಲ್ಲುವ ಮಗುವಿಗೆ, ಜೊತೆಗೆ ಅಣ್ಣನೂ ಇದ್ದರೆ, ಕೈಹಿಡಿ ಮೇಲೆತ್ತಲು ಬರುವ ಮಾಮೂಲಿ ಸೀಟೇ ವಾಸಿ. ಮಗ ನನ್ನ ತೊಡೆಯ ಮೇಲೆ ತಲೆ ಇಟ್ಟು, ಕಾಲು ತನ್ನ ಸೀಟಿಗೆ ಚಾಚಿ, ಸೀಟ್ ಬೆಲ್ಟ್ ದೀಪ ಆರಿದ ಮೇಲೆ ಐದೇ ನಿಮಿಷಕ್ಕೆ ಮಲಗಿದ. ಪಾಪು ಇವರ ಎದೆ ಮೇಲೆ. ಸ್ಟಿಕರ್ ಪುಸ್ತಕ ತೆಗೆಯಲೇ ಇಲ್ಲ. ಆರು ಗಂಟೆ ಹೊತ್ತು ಒಬ್ಬರೂ ಅಲ್ಲಾಡಲಿಲ್ಲ. ನನ್ನ ಕಾಲು ಜೋಮು ಹಿಡಿದು ಮರದ ಕೊರಡಾಗಿತ್ತು. ಕದಲಿಸಲಿಲ್ಲ.

ಹದಿನಾರನೇ ದಿನ

ಫ್ರಾಂಕ್‌ಫರ್ಟಿನಲ್ಲಿ ಬೆಳಗ್ಗೆ ಎಂಟೂವರೆ, ಮೋಡ, ಒಂದು ಡಿಗ್ರಿ. ಸ್ಟ್ರೋಲರ್ ಬಾಗಿಲಲ್ಲೇ ಕಾಯುತ್ತಿತ್ತು. ಜಾಕೆಟ್ಟುಗಳಿಗೆ ಕೊನೆಗೂ ಕೆಲಸ ಸಿಕ್ಕಿತು.

ಆ ರಾತ್ರಿ ಎಲ್ಲರೂ ಏಳಕ್ಕೇ ಮಲಗಿದೆವು. ಎರಡೂವರೆಗೆ ಮಗ ನನ್ನ ರೆಪ್ಪೆ ಎತ್ತಿ ನೋಡಿದ. "ಅಮ್ಮಾ, ಅಜ್ಜ ಅಡಿಕೆ ಸುಲೀತಾ ಇದಾರಾ?" ಅಲ್ಲಿ ಆಗ ಬೆಳಗ್ಗೆ ಏಳು. ಪಾಪು ಹಾಸಿಗೆಯ ಆ ಕಡೆ ಎದ್ದು ಕೂತು ಚಪ್ಪಾಳೆ ತಟ್ಟುತ್ತಿದ್ದಳು. ಫೋನ್ ಹಚ್ಚಿದೆ. ಅಪ್ಪ ಚಪ್ಪರದ ಮೇಲೆ ಬೇಯಿಸಿದ ಅಡಿಕೆ ಹರವುತ್ತಿದ್ದರು. ಹಿಂದೆ ಹಂಡೆಯ ಹೊಗೆ.

"ಇದೇನೋ ಪುಟ್ಟಾ, ಇನ್ನೂ ಮಲಗಿಲ್ವಾ?"

"ಎದ್ದಾಯ್ತು ಅಜ್ಜ" ಅಂದ ಅವನು. ಕಂಬಳಿ ಎಳೆದು ಹೊದ್ದುಕೊಂಡು, ಫೋನಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.